ಲೈನ್ ಕ್ಲಿಯರ್ ಕೊಡುವವರು ಯಾರು?

ಬೋಧನಾಭ್ಯಾಸದ ಪತ್ರಿಕೆಯಲ್ಲಿ ಆಟದ ರೈಲಿನ ಮಾತೇಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ಲೇಖನದ ಎರಡನೆಯ ಅರ್ಧದಲ್ಲಿದೆ. ಮೊದಲ ಅರ್ಧ ಓದದಿದ್ದರೆ ಅದು ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ತಾಳ್ಮೆ ಕೋರುತ್ತೇನೆ.

ತಿಂಗಳಲ್ಲಿ ಎರಡು ಭಾನುವಾರ, ಮಧ್ಯಾಹ್ನ ಮೂರರಿಂದ ಐದರವರೆಗೆ, ಬಿನ್ನಿಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಐದು ಜನ ಸೇರುತ್ತೇವೆ. ಪ್ರಿಂಟಿಂಗ್ ಪ್ರೆಸ್ ನಡೆಸುವ ಗೆಳೆಯರೊಬ್ಬರು, ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರೊಬ್ಬರು, ರೈಲ್ವೆಯಿಂದ ನಿವೃತ್ತರಾದ ಸ್ಟೇಷನ್ ಮಾಸ್ಟರೊಬ್ಬರು, ಎದುರು ಮನೆಯ ಒಂಬತ್ತನೇ ತರಗತಿಯ ಹುಡುಗ, ಮತ್ತು ಗಣಿತ ಬೋಧನಾ ವಿಧಾನ ಕಲಿಸುವ ನಾನು. ಸೇರಿ ಪುಟ್ಟ ರೈಲುಗಳನ್ನು ನಡೆಸುತ್ತೇವೆ. ‘ಓಡಿಸುತ್ತೇವೆ’ ಎನ್ನದೆ ‘ನಡೆಸುತ್ತೇವೆ’ ಎಂದು ಬೇಕೆಂದೇ ಬರೆದಿದ್ದೇನೆ. ಒಬ್ಬನೇ ಕುಳಿತು ರೈಲನ್ನು ಸುತ್ತ ಸುತ್ತಿಸುವುದು ಓಡಿಸುವುದು. ಅದು ಹತ್ತು ನಿಮಿಷಕ್ಕೆ ಸಾಕೆನಿಸುತ್ತದೆ. ವೇಳಾಪಟ್ಟಿ ಇಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ಸ್ಟೇಷನ್ ಹಿಡಿದು, ಒಬ್ಬರ ಒಪ್ಪಿಗೆ ಪಡೆದು ಇನ್ನೊಬ್ಬರು ಗಾಡಿ ಕಳಿಸುವುದು ನಡೆಸುವುದು. ಅದು ಎರಡು ಗಂಟೆಗೂ ಸಾಲುವುದಿಲ್ಲ.

ಕೋಣೆಯೊಳಗಿನ ಮೈಸೂರು ಲೈನು

ಬಿನ್ನಿ ಮಿಲ್ಲಿನಿಂದ ಹೆಸರು ಪಡೆದ ನಮ್ಮ ಪೇಟೆಯಲ್ಲಿ ಈಗ ಮಿಲ್ಲಿಲ್ಲ. ಅದರ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಮಾಲೂ ಎದ್ದಿವೆ. ರೈಲಿನ ಸದ್ದು ಮಾತ್ರ ಹಾಗೇ ಉಳಿದಿದೆ. ಸಿಟಿ ಸ್ಟೇಷನ್ನಿನಿಂದ ಹೊರಟ ಮೈಸೂರು ಗಾಡಿ ಈ ಭಾಗವನ್ನು ಹಾದೇ ಕೆಂಗೇರಿಯತ್ತ ಹೋಗುತ್ತದೆ. 1882ರಲ್ಲಿ ಮೈಸೂರು ಮುಟ್ಟಿದ ಈ ಹಾದಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೀಟರ್ ಗೇಜಿನ ಒಂಟಿ ಹಳಿಯಾಗಿತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಆಮೇಲೆ ಜೋಡಿ ಹಳಿ ಬಂತು. ನಮ್ಮ ಕೋಣೆಯಲ್ಲಿ ಅದು ಇನ್ನೂ ಒಂಟಿ ಹಳಿಯೇ. ಎದುರುಬದುರು ಬರುವ ಗಾಡಿಗಳು ಸ್ಟೇಷನ್ನಿನಲ್ಲಿ ಮಾತ್ರ ಒಂದನ್ನೊಂದು ದಾಟಬಹುದು. ಆಟದ ಸ್ವಾರಸ್ಯವೆಲ್ಲ ಅಲ್ಲೇ ಇದೆ.

ಎರಡು ಗೋಡೆಗಳಿಗೆ ತಾಗಿ 12 ಅಡಿ ಮತ್ತು 8 ಅಡಿಯ ಎರಡು ಪ್ಲೈವುಡ್ ಹಲಗೆಗಳು, ಒಂದೂವರೆ ಅಡಿ ಅಗಲ. ಅದರ ಮೇಲೆ ಮೂರು ಸ್ಟೇಷನ್: ಸಿಟಿ, ಕೆಂಗೇರಿ, ರಾಮನಗರ. ನಮ್ಮದು ಎಚ್‌ಒ ಅಳತೆ, ಅಂದರೆ ನಿಜದ 87 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ಲೆಕ್ಕ ಹಾಕಿದರೆ ಮನಸ್ಸು ಮೆತ್ತಗಾಗುತ್ತದೆ. ನಮ್ಮ 20 ಅಡಿ ನಿಜದ ಲೋಕದಲ್ಲಿ ಸುಮಾರು 530 ಮೀಟರ್. ಎಂಜಿನ್ ಸಮೇತ 24 ಬೋಗಿಯ ಒಂದು ಗಾಡಿ ಇಡಿಯಾಗಿ ನಿಲ್ಲಲೂ ಸಾಲದು. ಬೆಂಗಳೂರಿನಿಂದ ಮೈಸೂರಿನ ಸುಮಾರು 138 ಕಿಲೋಮೀಟರನ್ನು ಅಳತೆಗೆ ಸರಿಯಾಗಿ ಹಾಸಬೇಕಾದರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಳಿ ಬೇಕು.

ಇನ್ನೊಂದು ಸುಳ್ಳೂ ಇದೆ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1435 ಮಿಲಿಮೀಟರ್ ಬರುತ್ತದೆ. ನಮ್ಮ ಬ್ರಾಡ್ ಗೇಜಾದರೋ 1676 ಮಿಲಿಮೀಟರ್. ಅಂದರೆ ನಮ್ಮ ಹಲಗೆಯ ಹಳಿಗೆ ತಕ್ಕ ಗಾಡಿ ಮಾಗಡಿ ರಸ್ತೆಯ ಮೇಲೆ ಹೋಗುವ ನಮ್ಮ ಮೆಟ್ರೊವೇ ಹೊರತು ಮೈಸೂರು ಗಾಡಿಯಲ್ಲ! ಈ ಲೆಕ್ಕವನ್ನು ಹುಡುಗನೇ ಕಂಡುಹಿಡಿದು ನಮ್ಮೆಲ್ಲರ ಮುಖ ನೋಡಿದ ದಿನ ನೆನಪಿದೆ. ಪ್ರತಿಯೊಂದು ಮಾದರಿಯೂ ಏನನ್ನೋ ಉಳಿಸಿಕೊಂಡು ಏನನ್ನೋ ಬಿಟ್ಟಿರುತ್ತದೆ. ನಾವು ಅಳತೆಯನ್ನು ಬಿಟ್ಟೆವು, ಕೆಲಸದ ಕ್ರಮವನ್ನು ಉಳಿಸಿಕೊಂಡೆವು.

ಎರಡು ಗಂಟೆಯ ಒಂದು ದಿನ

ಹಳಿಗೆ 12 ವೋಲ್ಟಿನ ನೇರ ವಿದ್ಯುತ್ತು. ಒಂದು ಹಳಿ ಧನ, ಇನ್ನೊಂದು ಋಣ. ಅದಲು ಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಹೋಗುತ್ತದೆ. ಎರಡು ಸ್ಟೇಷನ್‌ಗಳ ನಡುವಿನ ಹಾದಿಯ ಮಧ್ಯದಲ್ಲಿ ಹಳಿಗಳನ್ನು ಪ್ಲಾಸ್ಟಿಕ್ ಜಾಯಿನರಿನಿಂದ ಜೋಡಿಸಿದ್ದೇವೆ. ವಿದ್ಯುತ್ತು ಅಲ್ಲಿ ದಾಟುವುದಿಲ್ಲ. ಈಚೆಯ ಅರ್ಧ ಈ ಸ್ಟೇಷನ್ನಿನವರ ಕೈಯಲ್ಲಿ, ಆಚೆಯ ಅರ್ಧ ಆ ಸ್ಟೇಷನ್ನಿನವರ ಕೈಯಲ್ಲಿ. ಒಬ್ಬರೇ ಎಷ್ಟೇ ಚುರುಕಾದರೂ ಗಾಡಿಯನ್ನು ಆ ಕಡೆ ಮುಟ್ಟಿಸಲಾರರು. ಸಿಟಿಯಲ್ಲಿ ನಾನು, ಕೆಂಗೇರಿಯಲ್ಲಿ ಪ್ರೆಸ್ಸಿನ ಗೆಳೆಯರು, ರಾಮನಗರದಲ್ಲಿ ಉಪನ್ಯಾಸಕರು.

ಗೋಡೆ ಗಡಿಯಾರದ 5 ನಿಮಿಷ ನಮಗೆ 30 ನಿಮಿಷ. ಹೀಗೆ ಎರಡು ಗಂಟೆಯಲ್ಲಿ ಬೆಳಗಿನ ಆರರಿಂದ ಸಂಜೆ ಆರರವರೆಗಿನ ಒಂದು ದಿನ ಕಳೆಯುತ್ತದೆ. ಆದರೆ ಗಾಡಿಯ ವೇಗವನ್ನು ಹೆಚ್ಚಿಸುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ಎಂದರೆ ನಮ್ಮ ಅಳತೆಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್. ಮೊದಲ ಬಾರಿ ಬಂದವರೆಲ್ಲ ಇದರ ಮೂರರಷ್ಟು ವೇಗದಲ್ಲಿ ಬಿಡುತ್ತಾರೆ. ನಿಧಾನವಾಗಿ ಬಿಡುವುದು ಕಲಿಯಲು ಎರಡು ಮೂರು ಭಾನುವಾರ ಬೇಕು.

ಗೂಡ್ಸ್ ಯಾರ್ಡು ಹುಡುಗನದು. ಅಲ್ಲಿ ಮೂರು ಸೈಡಿಂಗುಗಳಿವೆ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಎಂಜಿನ್ನಿನ ಜೊತೆ ಮೂರು ವ್ಯಾಗನ್ನಿಗಷ್ಟೇ ಜಾಗ. ಇರುವ ಎಂಟು ವ್ಯಾಗನ್‌ಗಳಲ್ಲಿ ಚೀಟಿ ಎತ್ತಿ ಬಂದ ಐದನ್ನು, ಚೀಟಿ ಬಂದ ಕ್ರಮದಲ್ಲೇ, ಗಾಡಿಯಾಗಿ ಜೋಡಿಸಬೇಕು. ಇದು ಬ್ರಿಟನ್ನಿನ ಹವ್ಯಾಸಿ ಅಲನ್ ರೈಟ್ ಅವರ ‘ಇಂಗ್ಲೆನೂಕ್ ಸೈಡಿಂಗ್ಸ್’ ಎಂಬ ಪ್ರಸಿದ್ಧ ಒಗಟು. ಬರಬಹುದಾದ ಕ್ರಮಗಳು 8×7×6×5×4, ಅಂದರೆ 6720. ಹುಡುಗನಿಗೆ ಇನ್ನೂ ಬೇಸರ ಬಂದಿಲ್ಲ.

ಒಂದು ‘ಹೂಂ’

ಮೊದಮೊದಲು ನಮ್ಮಲ್ಲಿ ನಿಯಮವೇನೂ ಇರಲಿಲ್ಲ. “ಬಿಡ್ಲಾ?” ಎಂದು ನಾನು ಕೂಗುತ್ತಿದ್ದೆ. “ಹೂಂ, ಬಿಡಿ ಮೇಷ್ಟ್ರೇ” ಎಂದು ಕೆಂಗೇರಿಯಿಂದ ಉತ್ತರ ಬರುತ್ತಿತ್ತು. ಒಂದು ಭಾನುವಾರ ನಾನು ಹಾಗೆಯೇ ಕೇಳಿದೆ. “ಹೂಂ” ಎಂದು ಉತ್ತರ ಬಂತು. ಮೈಸೂರು ಪ್ಯಾಸೆಂಜರನ್ನು ಬಿಟ್ಟೆ.

ಆ ‘ಹೂಂ’ ನನಗೆ ಹೇಳಿದ್ದಲ್ಲ. ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಕಾಫಿಗೆ ಸಕ್ಕರೆ ಹಾಕ್ಲಾ?” ಎಂದು ಕೇಳಿದ್ದಳು. ಗೆಳೆಯರು ಒಪ್ಪಿಗೆ ಕೊಟ್ಟದ್ದು ಸಕ್ಕರೆಗೆ. ಅವರು ಅಷ್ಟು ಹೊತ್ತಿಗಾಗಲೇ ಸಿಟಿಯ ಕಡೆಗೆ ಗೂಡ್ಸ್ ಬಿಟ್ಟಾಗಿತ್ತು. ಹಳಿಯ ಜೋಡಣೆ ಇರುವ ಜಾಗ ಪುಸ್ತಕದ ಕಪಾಟಿನ ಮರೆಯಲ್ಲಿದೆ. ಇಬ್ಬರಿಗೂ ಕಾಣಲಿಲ್ಲ. ಸದ್ದು ಮಾತ್ರ ಕೇಳಿಸಿತು.

ಪ್ಯಾಸೆಂಜರಿನ ಮೊದಲ ಬೋಗಿ ಹಲಗೆಯಿಂದ ನೆಲಕ್ಕೆ ಬಿದ್ದು ನಜ್ಜುಗುಜ್ಜಾಯಿತು. ಅದು ಅಂಗಡಿಯದಲ್ಲ. ನಮ್ಮ ಗಾಡಿಗಳ ಮಾದರಿ ಇಲ್ಲಿ ಸುಲಭವಾಗಿ ಸಿಗುವುದಿಲ್ಲವೆಂದು ಹುಡುಗ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಕೂತು ರಟ್ಟಿನಲ್ಲಿ ಕತ್ತರಿಸಿ, ಒಂದೊಂದು ಕಿಟಕಿಯ ಸರಳನ್ನೂ ದಾರದಲ್ಲಿ ಅಂಟಿಸಿ ಮಾಡಿದ್ದು. ಅವನು ಚೂರುಗಳನ್ನು ಆರಿಸಿಕೊಂಡು, “ಪರವಾಗಿಲ್ಲ ಅಂಕಲ್” ಎಂದ. ಮುಂದಿನ ಎರಡು ಸರದಿಗೆ ಬರಲಿಲ್ಲ.

ಅಂದು ಮೊದಲ ಸಲ ನೋಡಲು ಬಂದಿದ್ದ ಸ್ಟೇಷನ್ ಮಾಸ್ಟರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕಾಫಿ ಮುಗಿಸಿ ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ನೀವು ಲೈನ್ ಕ್ಲಿಯರ್ ತಗೊಂಡ್ರಾ, ಇಲ್ಲಾ ಹೂಂ ಅನ್ನಿಸಿಕೊಂಡ್ರಾ?”

ಆಮೇಲೆ ಅವರು ವಿವರಿಸಿದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ಎರಡು ಸ್ಟೇಷನ್‌ಗಳ ನಡುವಿನ ಹಾದಿಯಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಆದ್ದರಿಂದ ಗಾಡಿ ಕಳಿಸುವವರು ಮೊದಲು ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಕೇಳಬೇಕು. ಹಿಂದಿನ ಗಾಡಿ ಪೂರ್ತಿ ಬಂದು ಸೇರಿದೆ, ಹಾದಿ ಖಾಲಿ ಇದೆ ಎಂದು ಖಚಿತ ಮಾಡಿಕೊಂಡೇ ಅವರು ಕೊಡಬೇಕು. ಹೊರಟಾಗ ಒಂದು ಸುದ್ದಿ, ಸೇರಿದಾಗ ಒಂದು ಸುದ್ದಿ, ಎಲ್ಲಕ್ಕೂ ರಿಜಿಸ್ಟರಿನಲ್ಲಿ ಬರಹ. ಒಂಟಿ ಹಳಿಯ ಅನೇಕ ಕಡೆ ಇದಕ್ಕೆ ಟೋಕನ್ ಇತ್ತು. ಯಂತ್ರದಿಂದ ಹೊರಬಂದ ಲೋಹದ ಗುಂಡು ಚಾಲಕನ ಕೈಗೆ ಸಿಕ್ಕದೆ ಗಾಡಿ ಹೊರಡುವಂತಿರಲಿಲ್ಲ. ಒಂದು ಗುಂಡು ಹೊರಗಿರುವಾಗ ಯಂತ್ರ ಇನ್ನೊಂದನ್ನು ಕೊಡುತ್ತಿರಲಿಲ್ಲ.

ಬರೀ ಫೋನಿನ ಮಾತಿನ ಮೇಲೆ ಕೆಲಸ ನಡೆಯಬೇಕಾದ ಕಡೆ ಇರುವುದು ಪ್ರೈವೇಟ್ ನಂಬರ್. ಲೆವೆಲ್ ಕ್ರಾಸಿಂಗಿನ ಉದಾಹರಣೆ ತೆಗೆದುಕೊಳ್ಳಿ. ಗೇಟು ಹಾಕು ಎಂದು ಸ್ಟೇಷನ್ ಮಾಸ್ಟರು ಗೇಟ್‌ಮ್ಯಾನಿಗೆ ಫೋನಿನಲ್ಲಿ ಹೇಳುತ್ತಾರೆ. “ಹಾಕಿದೆ ಸಾರ್” ಎಂದರೆ ಸಾಲದು. ಗೇಟ್‌ಮ್ಯಾನಿನ ಬಳಿ ಎರಡಂಕಿಯ ಸಂಖ್ಯೆಗಳ ಒಂದು ಹಾಳೆ ಇರುತ್ತದೆ. ಸಂಖ್ಯೆಗಳಿಗೆ ಯಾವ ಕ್ರಮವೂ ಇರುವುದಿಲ್ಲ. ಗೇಟು ಹಾಕಿದ ಮೇಲೆ ಅವನು ಮುಂದಿನ ಸಂಖ್ಯೆಯನ್ನು ಹೇಳಿ ಹೊಡೆದುಹಾಕುತ್ತಾನೆ. ಇವರು ಅದನ್ನು ಬರೆದುಕೊಳ್ಳುತ್ತಾರೆ. ಆ ಸಂಖ್ಯೆ ಇವರಿಗೆ ಮೊದಲೇ ತಿಳಿದಿರುವಂತಿಲ್ಲ, ಊಹಿಸಲೂ ಆಗುವುದಿಲ್ಲ. “ಹೂಂ ಅನ್ನೋದು ನಿದ್ದೆಗಣ್ಣಲ್ಲೂ ಬರುತ್ತೆ ಮೇಷ್ಟ್ರೇ. ನಂಬರ್ ಕೊಡೋಕೆ ಹಾಳೆ ನೋಡ್ಬೇಕು, ಅಂದ್ರೆ ಎಚ್ಚರ ಇರ್ಬೇಕು” ಎಂದರು.

ಮುಂದಿನ ಸರದಿಯಿಂದ ಮೂರು ಸ್ಟೇಷನ್ನಿಗೂ ಮೂರು ಹಾಳೆ ಬಂದವು. ಸ್ಟೇಷನ್ ಮಾಸ್ಟರು ನಮ್ಮ ಕಂಟ್ರೋಲರ್ ಆದರು. ಎರಡು ಸರದಿ ತಪ್ಪಿಸಿದ ಹುಡುಗನ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿ, ಹೊಸ ನಿಯಮವನ್ನು ಹೇಳಿದೆ. ಅವನು ಬಂದ. ಹೊಸ ಬೋಗಿಯನ್ನು ಮಾತ್ರ ಇನ್ನೂ ಮಾಡಿಕೊಟ್ಟಿಲ್ಲ.

ಹದಿನಾಲ್ಕು ಗೆರೆಗಳು

ಇನ್ನು ತರಗತಿಗೆ ಬರೋಣ. ಇದಾಗಿ ಕೆಲವು ತಿಂಗಳ ಮೇಲೆ, ಬೋಧನಾಭ್ಯಾಸ ಶುರುವಾಗುವ ಮುನ್ನ, ಪ್ರಶಿಕ್ಷಣಾರ್ಥಿಗಳಿಗಾಗಿ ಎಂಟನೇ ತರಗತಿಯಲ್ಲಿ ಮಾದರಿ ಪಾಠ ಮಾಡಿದೆ. ವಿಷಯ: ಅನುಪಾತ. ಕಲಿಕೋಪಕರಣವಾಗಿ ಮನೆಯಿಂದ ಒಂದು ಬೋಗಿ ಒಯ್ದಿದ್ದೆ. ಮಕ್ಕಳು ಅಳೆದರು: 24.5 ಸೆಂಟಿಮೀಟರ್. ನಿಜವಾದ ಬೋಗಿ 21.3 ಮೀಟರ್ ಎಂದು ಹೇಳಿದೆ. ಎರಡನ್ನೂ ಒಂದೇ ಮಾನಕ್ಕೆ ತರಬೇಕು ಎಂದು ವಿವರಿಸಿ, ಹಲಗೆಯ ಮೇಲೆ ಬೇರೊಂದು ಲೆಕ್ಕ ಮಾಡಿ ತೋರಿಸಿದೆ. ಮಕ್ಕಳ ಕಣ್ಣು ಹೊಳೆಯುತ್ತಿತ್ತು. “ಅರ್ಥವಾಯಿತೇ?” ಎಂದಾಗಲೆಲ್ಲ “ಆಯ್ತು ಸಾರ್” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಗಂಟೆ ಹೊಡೆಯುವುದಕ್ಕೂ ಪಾಠಯೋಜನೆ ಮುಗಿಯುವುದಕ್ಕೂ ಸರಿಹೋಯಿತು. ಅವಲೋಕನ ನಮೂನೆಗಳಲ್ಲಿ ‘ಉತ್ತಮ’, ‘ಅತ್ಯುತ್ತಮ’ ಎಂದೇ ಇತ್ತು.

ಬೋಗಿಯ ಲೆಕ್ಕವನ್ನು ಮನೆಗೆಲಸವಾಗಿ ಕೊಟ್ಟಿದ್ದೆ. ಮರುದಿನ 34 ಪುಸ್ತಕಗಳನ್ನು ನೋಡಿದೆ. 19 ಮಕ್ಕಳು 21.3ನ್ನು 24.5ರಿಂದ ಭಾಗಿಸಿ 0.87 ಎಂದು ಬರೆದಿದ್ದರು. ಮೀಟರನ್ನು ಸೆಂಟಿಮೀಟರಿಗೆ ತಂದಿರಲಿಲ್ಲ. ತಪ್ಪು ದಶಾಂಶ ಬಿಂದುವಿನದಷ್ಟೇ ಎಂದು ಸಮಾಧಾನ ಮಾಡಿಕೊಳ್ಳುವಂತಿರಲಿಲ್ಲ. 0.87 ಎಂದರೆ ನಿಜವಾದ ಬೋಗಿ ಕೈಯಲ್ಲಿದ್ದ ಬೋಗಿಗಿಂತ ಚಿಕ್ಕದು ಎಂದಾಯಿತು. ಒಬ್ಬರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಆ ಸಂಜೆ ಅವಲೋಕನ ನಮೂನೆಗಳನ್ನು ಮತ್ತೆ ತಿರುವಿದೆ. ಒಬ್ಬ ಪ್ರಶಿಕ್ಷಣಾರ್ಥಿಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತಿತ್ತು. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಕಂಡಿತು: ಐದೈದರ ಎರಡು ಕಟ್ಟು, ನಾಲ್ಕು ಬಿಡಿ ಗೆರೆ. ಕೆಳಗೆ, “ಅರ್ಥವಾಯಿತೇ: 14 ಸಲ. ಇದು ಪ್ರಶ್ನೆಯೋ, ವಾಕ್ಯ ಮುಗಿಸುವ ರೀತಿಯೋ?”

ಅವಳು ಅದನ್ನೇಕೆ ಅಳಿಸಿದಳು ಎಂದು ಕೇಳಬೇಕಾಗಿರಲಿಲ್ಲ. ಆಂತರಿಕ ಅಂಕ ಹಾಕುವ ಕೈ ನನ್ನದು. ನನ್ನ ಪಾಠದಲ್ಲಿ ಆ ದಿನ ನಡೆದದ್ದನ್ನು ಕಂಡವಳು ಅವಳೊಬ್ಬಳೇ. ಕಂಡದ್ದನ್ನು ಹೇಳುವ ಧೈರ್ಯ ಅವಳಿಗೆ ಬರುವಂತೆ ನಾನು ನಡೆದುಕೊಂಡಿರಲಿಲ್ಲ. ಭಾನುವಾರ ಮನೆಯಲ್ಲಿ ಹಾಳೆ ಇಲ್ಲದೆ ಗಾಡಿ ಬಿಡದ ನಾನು, ವಾರದ ದಿನ ತರಗತಿಯಲ್ಲಿ ಹದಿನಾಲ್ಕು ‘ಹೂಂ’ ಕೇಳಿ ಹದಿನಾಲ್ಕು ಗಾಡಿ ಬಿಟ್ಟಿದ್ದೆ.

ಮರುದಿನ ಅವಳನ್ನು ಕರೆದು, ಆ ಸಾಲನ್ನು ಎಲ್ಲರ ಮುಂದೆ ಓದಲು ಒಪ್ಪಿಗೆ ಕೇಳಿದೆ. “ಬೇಡ ಸಾರ್, ತಮಾಷೆಗೆ ಬರೆದದ್ದು” ಎಂದಳು. ತಮಾಷೆಯಲ್ಲ, ಆ ಪಾಠದ ಬಗ್ಗೆ ಬಂದ ಒಂದೇ ನಿಜವಾದ ಅವಲೋಕನ ಅದು ಎಂದೆ. ಕೊನೆಗೆ ಒಪ್ಪಿದಳು. ಹೆಸರು ಹೇಳದೆ ಓದಿದೆ, 19 ಪುಸ್ತಕಗಳ ಲೆಕ್ಕವನ್ನೂ ಹೇಳಿದೆ. ತರಗತಿ ಮೌನವಾಗಿತ್ತು. ಆ ವರ್ಷ ನಾವು ಮಾಡಿದ ಅತ್ಯಂತ ಉಪಯುಕ್ತ ಚರ್ಚೆ ಅಲ್ಲಿಂದ ಶುರುವಾಯಿತು.

ನಂಬರ್ ಕೇಳುವ ಬಗೆ

ಮಗು ಅರ್ಥವಾಯಿತೆಂದು ಹೇಳುವುದು ಸುಳ್ಳಲ್ಲ. ಮೇಷ್ಟರು ಸರಾಗವಾಗಿ ಹೇಳುವಾಗ ಕೇಳುವವರಿಗೂ ಎಲ್ಲ ಸರಾಗವೆನಿಸುತ್ತದೆ. ಕೇಳಬೇಕಾದದ್ದು ವಿಷಯ ತಿಳಿಯದಿದ್ದರೆ ಕೊಡಲಾಗದಂಥ ಒಂದು ಉತ್ತರವನ್ನು. ಹೋಲಿಕೆಗೂ ಒಂದು ಮಿತಿ ಇದೆ. ಪ್ರೈವೇಟ್ ನಂಬರಿಗೆ ಸ್ವಂತ ಅರ್ಥವಿಲ್ಲ, ಮಗುವಿನ ಉತ್ತರಕ್ಕೆ ಇರಬೇಕು. ಅದನ್ನು ನೆನಪಿಟ್ಟುಕೊಂಡು ನಮ್ಮ ತಂಡ ಬೋಧನಾಭ್ಯಾಸದಲ್ಲಿ ಪ್ರಯತ್ನಿಸಿದ ಕ್ರಮಗಳು ಇವು.

ಒಂದು, ಲೆಕ್ಕಕ್ಕೆ ಮೊದಲು ಅಂದಾಜು. “ಯಾವುದು ದೊಡ್ಡದು? ಎಷ್ಟು ಪಟ್ಟು ಇರಬಹುದು, ಹತ್ತೋ, ನೂರೋ?” ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆಸುವುದು. ಹೀಗೆ ಬರೆದ ಮಗು 0.87 ಬಂದಾಗ ತಾನೇ ತಡೆಯುತ್ತದೆ.

ಎರಡು, ಸಾಲಿಗೊಂದು ಸಂಖ್ಯೆ. ಅದೇ 21.3 ಮೀಟರಿನ ಬೋಗಿ 1:76 ಅಳತೆಯಲ್ಲಿ ಎಷ್ಟು ಉದ್ದ? 1:160ರಲ್ಲಿ? ಮೊದಲನೆಯದು ಸುಮಾರು 28 ಸೆಂಟಿಮೀಟರ್, ಎರಡನೆಯದು ಸುಮಾರು 13.3. ಸಾಲಿನಿಂದ ಸಾಲಿಗೆ ಉತ್ತರ ಬೇರೆಯಾದಾಗ ಒಂದೇ ದನಿಯ ಉತ್ತರ ಬರಲು ಸಾಧ್ಯವಿಲ್ಲ.

ಮೂರು, ಎಲ್ಲರೂ ಬರೆದ ಮೇಲೆ ಒಟ್ಟಿಗೆ ಎತ್ತಿ ತೋರಿಸುವುದು. ಸ್ಲೇಟು ಸಾಕು. ಕೈ ಎತ್ತಿದ ಇಬ್ಬರ ಉತ್ತರ ಇಡೀ ತರಗತಿಯ ಉತ್ತರವಲ್ಲ.

ನಾಲ್ಕು, ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೂ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ನಾವು ಪರೀಕ್ಷೆಗೆ ಓದಿಸುತ್ತೇವೆ, ಪಾಠದಲ್ಲಿ ಮರೆಯುತ್ತೇವೆ. ಮೂರು ಸೆಕೆಂಡು ಎಷ್ಟು ದೀರ್ಘ ಎಂಬುದು ಎಲ್ಲರ ಮುಂದೆ ನಿಂತಾಗಲೇ ಗೊತ್ತಾಗುವುದು.

ಐದು, ಲೈನ್ ಕ್ಲಿಯರ್ ಸಿಗದಿದ್ದರೆ ಏನು ಮಾಡುವುದೆಂದು ಪಾಠಯೋಜನೆಯಲ್ಲೇ ಬರೆದಿರುವುದು. ಇದೇ ಕಷ್ಟದ್ದು. “ನಿಲ್ಲಿಸಿದರೆ ಯೋಜನೆ ಮುಗಿಯುವುದಿಲ್ಲ, ಮುಗಿಯದಿದ್ದರೆ ಅಂಕ ಹೋಗುತ್ತದೆ” ಎಂದು ಪ್ರಶಿಕ್ಷಣಾರ್ಥಿಗಳು ಹೇಳಿದರು. ಅವರ ಮಾತು ನ್ಯಾಯವಾದದ್ದು. ಗಾಡಿಯನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿದವರಿಗೆ ದಂಡ ಹಾಕಿದರೆ ಯಾರೂ ನಿಲ್ಲಿಸುವುದಿಲ್ಲ. ಆದ್ದರಿಂದ ನಾನು ಮೇಲ್ವಿಚಾರಣೆ ಮಾಡುವ ತಂಡದ ಅವಲೋಕನ ಹಾಳೆಗೆ ಎರಡು ಅಂಕಣ ಸೇರಿಸಿದೆ: ‘ಮುಂದೆ ಹೋಗುವ ಮೊದಲು ಏನು ಕೇಳಿದರು?’, ‘ಉತ್ತರ ನೋಡಿ ಏನು ಬದಲಿಸಿದರು?’ ಪಾಠ ಅರ್ಧಕ್ಕೆ ನಿಂತು ಎರಡನೆಯ ಅಂಕಣ ತುಂಬಿದ್ದರೆ ಅದಕ್ಕೆ ಅಂಕ ಕಡಿಮೆಯಿಲ್ಲ.

ರೈಲಿಲ್ಲದ ಶಾಲೆಯಲ್ಲಿ

ಇದಕ್ಕೆಲ್ಲ ಎಚ್‌ಒ ಬೋಗಿ ಬೇಕಾಗಿಲ್ಲ. ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಹಳಿ, ಮೂರು ಸ್ಟೇಷನ್ ಬರೆಯಿರಿ. ಗಾಡಿಯಾಗಿ ಬೆಂಕಿಪೊಟ್ಟಣ. ಎರಡು ಸ್ಟೇಷನ್‌ಗಳ ನಡುವಿನ ಹಾದಿಗೆ ಒಂದೊಂದು ಗೋಲಿ. ಆ ಗೋಲಿ ಕೈಯಲ್ಲಿಲ್ಲದ ಮಗು ಆ ಹಾದಿಯಲ್ಲಿ ಗಾಡಿ ತಳ್ಳುವಂತಿಲ್ಲ. ಚಿಕ್ಕ ಮಕ್ಕಳಿಗೆ ಸಂಖ್ಯೆಯ ಹಾಳೆಗಿಂತ ಗೋಲಿಯೇ ಸುಲಭ. ವೇಳಾಪಟ್ಟಿಯನ್ನು ಮಕ್ಕಳೇ ಬರೆಯಲಿ. ಎರಡು ಗಾಡಿ ಎಲ್ಲಿ ದಾಟಬೇಕೆಂಬ ಚರ್ಚೆಯಲ್ಲಿ ಕಾಲ, ದೂರ, ವೇಗ ಮೂರೂ ತಾವಾಗಿ ಬರುತ್ತವೆ. ದೊಡ್ಡ ತರಗತಿಯವರಿಗೆ ಎಂಟು ಬೆಂಕಿಪೊಟ್ಟಣಗಳ ಯಾರ್ಡು ಕೊಟ್ಟು 6720 ಹೇಗೆ ಬಂತೆಂದು ಕೇಳಿ.

ಜಗಲಿಯ ಆಟದಲ್ಲಿ ಶಿಕ್ಷಕರು ಗಾಡಿ ಮುಟ್ಟಬಾರದು. ಮಗು ತಡವರಿಸುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ನನ್ನದೂ ಹೋಗುತ್ತದೆ. ಆಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಒಳ್ಳೆಯದು.

ಕಳೆದ ಭಾನುವಾರ ನಮ್ಮಲ್ಲಿ ಪ್ಯಾಸೆಂಜರ್ ಸಿಟಿಯಲ್ಲೇ ಅರ್ಧ ಗಂಟೆ, ಅಂದರೆ ಗೋಡೆ ಗಡಿಯಾರದ ಐದು ನಿಮಿಷ, ನಿಂತಿತ್ತು. ಕೆಂಗೇರಿಯಲ್ಲಿ ಕೂತಿದ್ದವನು ಹುಡುಗ. ನಾನು ಎರಡು ಸಲ ಕೇಳಿದೆ. “ಇನ್ನೂ ಇಲ್ಲ ಅಂಕಲ್, ಗೂಡ್ಸಿನ ಕೊನೇ ವ್ಯಾಗನ್ ಹಳಿ ಬಿಟ್ಟಿಲ್ಲ” ಎಂದ. ಕಾಫಿ ಬಂತು. ಸಕ್ಕರೆ ಬೇಕೇ ಎಂದು ಕೇಳಿದ್ದಕ್ಕೂ ಅವನು ತಲೆ ಎತ್ತಲಿಲ್ಲ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ಸ್ಪಷ್ಟವಾಗಿ ಹೇಳಿದ: “ನಲವತ್ತೇಳು.” ನಾನು ಬರೆದುಕೊಂಡೆ. ಗಾಡಿ ಬಿಟ್ಟೆ.